ಧರ್ಮದ ಕಾಲಂ, ಹುಟ್ಟಿದೂರಿನ ಕಾಲಂ

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಧಾರವಾಡದ ನಮ್ಮ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆಸಬೇಕೋ, ಲಿಂಗಾಯತ ಎಂದೋ, ವೀರಶೈವ ಲಿಂಗಾಯತ ಎಂದೋ ಎಂಬುದನ್ನು ಕಿರಾಣಿ ಅಂಗಡಿಯ ಕಟ್ಟೆಯಿಂದ ಹಿಡಿದು ನ್ಯಾಯಾಲಯದ ಎದುರಿನ ಚಹಾ ಅಂಗಡಿಯವರೆಗೆ ಎಲ್ಲರೂ ಚರ್ಚಿಸುತ್ತಿದ್ದರು. ಒಬ್ಬ ಸ್ವಾಮೀಜಿ ಒಂದು ಹೇಳಿದರೆ ಇನ್ನೊಬ್ಬರು ಮತ್ತೊಂದು ಹೇಳುತ್ತಿದ್ದರು. ಆ ವಾರ ನನಗೆ ಬಂದ ಫೋನ್ ಕರೆಗಳಲ್ಲಿ ಅರ್ಧದಷ್ಟು ಇದೇ ವಿಷಯದವು. ವಕೀಲರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದುಕೊಂಡಿದೆ.

ಆದ್ದರಿಂದ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ನನ್ನ ಹಳೆಯ ಕಕ್ಷಿದಾರಳೊಬ್ಬಳ ಕರೆ ಬಂದಾಗ ನಾನು ಉತ್ತರವನ್ನು ಸಿದ್ಧವಾಗಿಯೇ ಇಟ್ಟುಕೊಂಡಿದ್ದೆ: ನಿಮ್ಮ ಮನಸ್ಸು ಯಾವುದನ್ನು ಒಪ್ಪುತ್ತದೆಯೋ ಅದನ್ನೇ ಬರೆಸಿ ಎಂದು. ಅವಳು ಅದನ್ನು ಕೇಳಲೇ ಇಲ್ಲ. “ಅಕ್ಕಾರ, ಗಣತಿ ಮಾಸ್ತರು ನಾಳಿ ನಮ್ಮ ಓಣಿಗೆ ಬರ್ತಾರಂತ್ರಿ. ಹುಡುಗ ಎಲ್ಲಿ ಹುಟ್ಯಾನ ಅಂತ ಕೇಳ್ತಾರೇನ್ರಿ?” ಎಂದಳು. ಹುಡುಗನಿಗೆ ಏಳು ತುಂಬಿ ಎಂಟು ನಡೆಯುತ್ತಿದೆ. ಅವನು ಹೊಟ್ಟೆಯಲ್ಲಿದ್ದ ಕೊನೆಯ ಎರಡೂವರೆ ತಿಂಗಳನ್ನು ಅವಳು ಕಾರಾಗೃಹದಲ್ಲಿ ಕಳೆದಿದ್ದಳು.

ಸೆರೆಮನೆಗೆ ನಮ್ಮ ಭಾಷೆಯಲ್ಲಿ ತಮಾಷೆಯ ಹೆಸರೊಂದಿದೆ. ದೊಡ್ಡ ಮನುಷ್ಯರು ಯಾರಾದರೂ ಜೈಲು ಸೇರಿದರೆ ಅವರು ಶ್ರೀಕೃಷ್ಣನ ಜನ್ಮಸ್ಥಾನಕ್ಕೆ ಹೋದರೆಂದು ಪತ್ರಿಕೆಗಳೂ ಬರೆಯುತ್ತವೆ, ನಾವು ವಕೀಲರೂ ಹೇಳಿಕೊಂಡು ನಗುತ್ತೇವೆ. ಹಾಗೆ ನಗುವಾಗ ನಮ್ಮ ಕಣ್ಣಿಗೆ ಕಾಣುವುದು ಬಿಳಿ ಅಂಗಿ ತೊಟ್ಟು ಜೀಪು ಹತ್ತುವ ಗಂಡಸು. ಅದು ಯಾರದೋ ಜನ್ಮಸ್ಥಾನವಾಗಬೇಕಾದರೆ ಅಲ್ಲಿ ಒಬ್ಬ ಹೆಂಗಸು ಬೇನೆ ತಿಂದಿರಬೇಕು ಎಂಬುದು ನಮಗೆ ಹೊಳೆಯುವುದಿಲ್ಲ. ದೇವಕಿಯ ಕಥೆಯಲ್ಲಿ ಸರಪಳಿ ತಾನಾಗಿಯೇ ಕಳಚುತ್ತದೆ, ಕಾವಲಿನವರು ನಿದ್ದೆ ಹೋಗುತ್ತಾರೆ, ತುಂಬಿದ ಹೊಳೆ ದಾರಿ ಬಿಡುತ್ತದೆ. ನಾನು ಕಂಡ ಪ್ರಕರಣದಲ್ಲಿ ಕಾವಲಿನವರು ಎಚ್ಚರವಾಗಿಯೇ ಇದ್ದರು. ಬೆಂಗಾವಲಿಗೆ ಮಹಿಳಾ ಪೊಲೀಸರು ಸಿಗುವುದಷ್ಟೇ ತಡವಾಯಿತು.

ಪ್ರಕರಣದ ಗುರುತು ಸಿಗದಂತೆ ಊರು ಹೆಸರುಗಳನ್ನು ಬಿಟ್ಟು ಹೇಳುತ್ತೇನೆ. 2017ರ ನವೆಂಬರ್. ಇಪ್ಪತ್ತೆರಡರ ಹುಡುಗಿ, ಚೊಚ್ಚಲ ಬಸುರಿ, ನಮ್ಮ ಕಡೆಯ ಪದ್ಧತಿಯಂತೆ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಏಳನೆಯ ತಿಂಗಳ ಕುಬಸಕ್ಕೆ ದಿನ ನೋಡಿ ಸೀರೆಯನ್ನೂ ತಂದಿಟ್ಟಿದ್ದರು. ಆ ಮನೆಯ ಸೊಸೆ, ಅಂದರೆ ಇವಳ ಅಣ್ಣನ ಹೆಂಡತಿ, ಅದೇ ವಾರ ಸುಟ್ಟ ಗಾಯಗಳಿಂದ ತೀರಿಕೊಂಡಳು. ವರದಕ್ಷಿಣೆ ಕಿರುಕುಳ ಮತ್ತು ವರದಕ್ಷಿಣೆ ಸಾವಿನ ದೂರಿನಲ್ಲಿ ಅಣ್ಣ, ಅವ್ವ, ನಾದಿನಿ ಮೂವರ ಹೆಸರೂ ಸೇರಿತು. ಬಾಣಂತನಕ್ಕೆ ಬಂದಿರದಿದ್ದರೆ ನಾದಿನಿ ಆ ಮನೆಯಲ್ಲೇ ಇರುತ್ತಿರಲಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ನನಗೆ ಆ ಕಡತ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಸತ್ತಾಕಿನೂ ಒಬ್ಬ ತಾಯಿ ಮಗಳಲ್ಲೇನ್ರಿ?” ಎಂದು ಕೇಳಿದ್ದರು. ಆ ಪ್ರಶ್ನೆ ನ್ಯಾಯವಾದದ್ದು. ಸತ್ತವಳ ತಾಯಿ ಪ್ರತಿ ವಿಚಾರಣೆಗೂ ಬಂದು ನ್ಯಾಯಾಲಯದ ಪಡಸಾಲೆಯಲ್ಲಿ ಸೆರಗು ಹೊದ್ದು ಕೂರುತ್ತಿದ್ದರು, ಮತ್ತು ನಾನು ಅವರ ಮುಂದೆಯೇ ಕಡತ ಹಿಡಿದು ಹೋಗಬೇಕಾಗಿತ್ತು. ಬಸುರಿ ಕೈದಿಯ ಬಗ್ಗೆ ಬರೆಯುವವರು ಇನ್ನೊಂದು ಕಡೆಯ ದುಃಖವನ್ನು ಮರೆತು ಬರೆಯಬಾರದು. ಆದರೆ ಅವಳು ತಪ್ಪಿತಸ್ಥೆ ಹೌದೋ ಅಲ್ಲವೋ ಎಂಬುದು ವಿಚಾರಣೆಯಿಂದ ತೀರ್ಮಾನವಾಗಬೇಕಾದ ಮಾತು. ಹೊಟ್ಟೆಯಲ್ಲಿರುವ ಕೂಸಿಗೆ ಕಬ್ಬಿಣದ ಮಾತ್ರೆ ತಲುಪಬೇಕೇ ಎಂಬುದು ಯಾವ ವಿಚಾರಣೆಗೂ ಕಾಯಬೇಕಾದ ಮಾತಲ್ಲ.

ಅದೇ ತಿಂಗಳು ಹುಬ್ಬಳ್ಳಿಯಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ದೊಡ್ಡ ಸಮಾವೇಶ ನಡೆದಿತ್ತು. ವಕೀಲರ ಸಂಘದ ಕೊಠಡಿಯಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲೇ ವಾದ ಶುರುವಾಗುತ್ತಿತ್ತು. ಸಂವಿಧಾನದ 29 ಮತ್ತು 30ನೇ ವಿಧಿಗಳಲ್ಲಿ ಅಲ್ಪಸಂಖ್ಯಾತ ಎಂಬ ಪದವಿದೆಯೇ ಹೊರತು ಅದರ ವ್ಯಾಖ್ಯೆ ಇಲ್ಲ ಎಂದು ಒಬ್ಬರು ಆರಂಭಿಸಿದರೆ, 1958ರ ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ 50ಕ್ಕಿಂತ ಕಡಿಮೆ ಇರುವವರು ಅಲ್ಪಸಂಖ್ಯಾತರೆಂಬ ಲೆಕ್ಕವನ್ನು ಒಪ್ಪಿಕೊಂಡಿದೆ ಎಂದು ಇನ್ನೊಬ್ಬರು ಮುಂದುವರಿಸುತ್ತಿದ್ದರು; ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಆ ಲೆಕ್ಕವನ್ನು ದೇಶದ ಮಟ್ಟದಲ್ಲಲ್ಲ, ರಾಜ್ಯದ ಮಟ್ಟದಲ್ಲಿ ಹಾಕಬೇಕೆಂದು ಹೇಳಿದ್ದನ್ನು ಮೂರನೆಯವರು ನೆನಪಿಸುತ್ತಿದ್ದರು. 1993ರಲ್ಲಿ ಕೇಂದ್ರ ಸರ್ಕಾರ ಐದು ಸಮುದಾಯಗಳನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು, 2014ರಲ್ಲಿ ಜೈನರು ಆರನೆಯವರಾಗಿ ಸೇರಿದರು, ಹಾಗಾದರೆ ನಾವೇಕೆ ಏಳನೆಯವರಾಗಬಾರದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು. ಮುಂದೆ 2018ರ ಮಾರ್ಚ್ 2ರಂದು ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ವರದಿ ಕೊಟ್ಟಿತು, ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ಅದನ್ನು ಒಪ್ಪಿ ಕೇಂದ್ರಕ್ಕೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ.

ನಾನು ಇಷ್ಟಲಿಂಗ ಕಟ್ಟಿಕೊಂಡ ಮನೆಯವಳು. ಬಸವಣ್ಣನವರು ಕಟ್ಟಿದ ದಾರಿ ಬೇರೆಯದೇ ಎಂಬ ವಾದ ಇತಿಹಾಸದ ದೃಷ್ಟಿಯಿಂದ ಗಟ್ಟಿಯಾದದ್ದೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಆದರೆ ಮಠ, ಕಾಲೇಜು, ಮಾರುಕಟ್ಟೆ, ಶಾಸನಸಭೆ ಎಲ್ಲದರಲ್ಲೂ ನಮ್ಮವರೇ ಎದ್ದು ಕಾಣುವ ಈ ಭಾಗದಲ್ಲಿ ನಿಂತು ನಾವು ಅಲ್ಪಸಂಖ್ಯಾತರೆಂದು ಹೇಳುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಪ್ರತ್ಯೇಕ ಧರ್ಮವೇ ಎಂಬುದು ಒಂದು ಪ್ರಶ್ನೆ, ಅಲ್ಪಸಂಖ್ಯಾತ ಸ್ಥಾನಮಾನ ಬೇಕೇ ಎಂಬುದು ಇನ್ನೊಂದು. ನಮ್ಮ ಕೊಠಡಿಯಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. 30ನೇ ವಿಧಿಯ ಫಲವಾಗಿ ಸಿಗುವುದು ಮುಖ್ಯವಾಗಿ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಸ್ವಾಯತ್ತತೆ ಎಂಬುದನ್ನೂ ಯಾರೂ ಅಷ್ಟಾಗಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ಚರ್ಚೆಯ ನಡುವೆ ಎದ್ದು ನಾನು ಕಾರಾಗೃಹಕ್ಕೆ ಹೋಗಿಬರುತ್ತಿದ್ದೆ. ಅಲ್ಲಿ ಕಂಡದ್ದೇ ಬೇರೆ ರೀತಿಯ ಅಲ್ಪಸಂಖ್ಯೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಕಾರಾಗೃಹ ಅಂಕಿಅಂಶಗಳ ಪುಸ್ತಕದ ಪ್ರಕಾರ 2022ರ ಕೊನೆಯ ದಿನ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ ಹೆಂಗಸರು 23,772, ಅಂದರೆ ನೂರಕ್ಕೆ ನಾಲ್ವರು. ಒಟ್ಟು 1,330 ಕಾರಾಗೃಹಗಳಲ್ಲಿ ಮಹಿಳೆಯರಿಗೆಂದೇ ಇರುವವು 34. ಉಳಿದೆಡೆ ಗಂಡಸರಿಗಾಗಿ ಕಟ್ಟಿದ ಕಾಂಪೌಂಡಿನ ಒಂದು ಮೂಲೆಯಲ್ಲಿ ಗೋಡೆ ಎಬ್ಬಿಸಿ ಅದನ್ನು ಮಹಿಳಾ ವಿಭಾಗ ಎನ್ನುತ್ತಾರೆ. ಹತ್ತೋ ಹದಿನೈದೋ ಹೆಂಗಸರಿರುವ ವಿಭಾಗಕ್ಕೆ ಸ್ತ್ರೀರೋಗ ತಜ್ಞೆಯ ಹುದ್ದೆ ಯಾರೂ ಮಂಜೂರು ಮಾಡುವುದಿಲ್ಲ, ಒಬ್ಬಳೇ ಒಬ್ಬ ಬಸುರಿಗಾಗಿ ಅಡುಗೆಮನೆಯ ಪಟ್ಟಿ ಬದಲಾಗುವುದಿಲ್ಲ, ಮಹಿಳಾ ಪೇದೆಯರು ಇಬ್ಬರು ಸಿಕ್ಕದಿದ್ದರೆ ಆಸ್ಪತ್ರೆಯ ದಿನ ಮುಂದಕ್ಕೆ ಹೋಗುತ್ತದೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಕಡಿಮೆ ಇದ್ದಾರೆ ಎಂಬುದಷ್ಟೇ ಕಾರಣ. ಸಂಘದ ಕೊಠಡಿಯಲ್ಲಿ ಕಡಿಮೆ ಇರುವುದೇ ಹಕ್ಕಿಗೆ ಆಧಾರವೆಂದು ವಾದ ನಡೆದಿತ್ತು. ಎರಡು ಕಿಲೋಮೀಟರ್ ಆಚೆ ಕಡಿಮೆ ಇರುವುದೇ ಏನೂ ಇಲ್ಲದಿರುವುದಕ್ಕೆ ಕಾರಣವಾಗಿತ್ತು.

ಅದೇ ಪುಸ್ತಕದ ಇನ್ನೊಂದು ಕೋಷ್ಟಕದಲ್ಲಿ 1,537 ಹೆಂಗಸರು 1,764 ಮಕ್ಕಳೊಂದಿಗೆ ಸೆರೆಯಲ್ಲಿದ್ದರೆಂದು ಇದೆ. ಅವರಲ್ಲಿ 1,312 ಮಂದಿ ವಿಚಾರಣಾ ಬಂದಿಗಳು, ಅಪರಾಧ ಸಾಬೀತಾಗಿರದವರು. ಪುಸ್ತಕ ಬಿಡುಗಡೆಯಾದ ಮರುದಿನ ಪತ್ರಿಕೆಗಳಲ್ಲಿ ಕೈದಿಗಳ ಧರ್ಮ ಮತ್ತು ಜಾತಿಯ ಕೋಷ್ಟಕಗಳು ಸುದ್ದಿಯಾಗುತ್ತವೆ, ಆಗಬೇಕಾದದ್ದೂ ಹೌದು. ಮಕ್ಕಳ ಕೋಷ್ಟಕದ ಸುದ್ದಿ ಒಳಪುಟದಲ್ಲಿ ಎರಡು ಇಂಚು ಸಿಕ್ಕರೆ ಹೆಚ್ಚು.

ಹೊರಗೆ ಬಸುರಿಯೊಬ್ಬಳ ಸುತ್ತ ನಮ್ಮ ರಾಜ್ಯ ಎಷ್ಟೊಂದು ಎಳೆಗಳನ್ನು ಹೆಣೆದಿದೆ ಎಂಬುದು ಆ ಎಳೆಗಳು ಕಡಿದಾಗಲೇ ನನಗೆ ತಿಳಿದದ್ದು. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾಳೆ, ತಾಯಿ ಕಾರ್ಡ್ ಕೈಗೆ ಬರುತ್ತದೆ, ಅದರಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಹೆರಿಗೆಯ ಅಂದಾಜು ದಿನ ಎಲ್ಲ ಇರುತ್ತವೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಆ ವರ್ಷದ ಅಕ್ಟೋಬರ್ 2ರಂದು ರಾಜ್ಯವ್ಯಾಪಿಯಾಗಿ ಮಾತೃಪೂರ್ಣ ಯೋಜನೆ ಆರಂಭವಾಗಿ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿ ಊಟ ಬಡಿಸತೊಡಗಿದ್ದರು. ಇವಳು ಬಂಧನಕ್ಕೆ ಮುಂಚಿನ ಒಂದು ತಿಂಗಳು ಆ ಊಟ ಉಂಡವಳು. ಸೆರೆಮನೆಯ ಬಾಗಿಲು ದಾಟಿದ ಕ್ಷಣಕ್ಕೆ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳು ಊರಲ್ಲಿಲ್ಲದವಳಾದಳು. ತಾಯಿ ಕಾರ್ಡ್ ಬೀಗ ಹಾಕಿದ ಮನೆಯೊಳಗೆ, ಕುಬಸದ ಸೀರೆಯ ಜೊತೆ ಕಪಾಟಿನಲ್ಲಿ ಉಳಿಯಿತು. ಕಾರಾಗೃಹದ ದಾಖಲೆಯಲ್ಲಿ ಇದ್ದದ್ದು ಗರ್ಭಿಣಿ ಎಂಬ ಒಂದೇ ಶಬ್ದ; ಎಷ್ಟನೆಯ ತಿಂಗಳು ಎಂಬುದನ್ನು ಅವಳ ಬಾಯಿಮಾತಿನಿಂದ ತಿಳಿಯಬೇಕಾಗಿತ್ತು.

ನಿಯಮ ಇಲ್ಲವೆಂದಲ್ಲ. ಆರ್.ಡಿ. ಉಪಾಧ್ಯಾಯ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ 2006ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನಾನು ಆ ಚಳಿಗಾಲದಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಗರ್ಭಿಣಿಯನ್ನು ಒಂದು ಕಾರಾಗೃಹಕ್ಕೆ ಕಳುಹಿಸುವ ಮೊದಲು ಅಲ್ಲಿ ಹೆರಿಗೆಗೆ, ಹೆರಿಗೆಯ ಮುಂಚಿನ ಮತ್ತು ನಂತರದ ಆರೈಕೆಗೆ ಕನಿಷ್ಠ ಸೌಲಭ್ಯಗಳಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದಷ್ಟೂ ತಾತ್ಕಾಲಿಕ ಬಿಡುಗಡೆ ಕೊಟ್ಟು ಹೊರಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಗುವಂತೆ ನೋಡಿಕೊಳ್ಳಬೇಕು. ಮಗು ಹುಟ್ಟಿದರೆ ಜನನ ನೋಂದಣಿಯಾಗಬೇಕು, ಆದರೆ ಹುಟ್ಟಿದ ಸ್ಥಳವೆಂದು ಕಾರಾಗೃಹವನ್ನು ಬರೆಯದೆ ಆ ಪ್ರದೇಶದ ವಿಳಾಸವನ್ನಷ್ಟೇ ಬರೆಯಬೇಕು. ನಾಮಕರಣದ ವಿಧಿಗಳಿಗೆ ಅವಕಾಶ ಕೊಡಬೇಕು. ಆರು ವರ್ಷದವರೆಗೆ ಮಗು ತಾಯಿಯ ಬಳಿ ಇರಬಹುದು, ಅದಕ್ಕೆ ಶಿಶುಪಾಲನಾ ಕೇಂದ್ರವಿರಬೇಕು. ಜನನ ಪ್ರಮಾಣಪತ್ರದ ಆ ಒಂದು ಸಾಲನ್ನು ಯೋಚಿಸಿದ ನ್ಯಾಯಮೂರ್ತಿಗಳ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಅದಾಗಿ ನಾಲ್ಕು ವರ್ಷಕ್ಕೆ, 2010ರಲ್ಲಿ, ವಿಶ್ವಸಂಸ್ಥೆ ಒಪ್ಪಿದ ಬ್ಯಾಂಕಾಕ್ ನಿಯಮಗಳು ಗರ್ಭಿಣಿಯರಿಗೆ ಸೆರೆವಾಸವಲ್ಲದ ಕ್ರಮಗಳಿಗೇ ಆದ್ಯತೆ ಕೊಡಬೇಕೆಂದವು. ಹೆರಿಗೆಯ ಹೊತ್ತಿನಲ್ಲಿ ಹಾಗೂ ಹೆರಿಗೆಯಾದ ಕೂಡಲೇ ಬೇಡಿ ಸರಪಳಿಗಳನ್ನು ಬಳಸಲೇಬಾರದೆಂದು 2015ರ ಮಂಡೇಲಾ ನಿಯಮಗಳಲ್ಲೂ ಬರೆಯಬೇಕಾಯಿತು. ಅದನ್ನು ಬರೆದು ಹೇಳಬೇಕಾಯಿತು ಎಂಬುದೇ ದೇವಕಿಯ ಕಾಲದಿಂದ ನಾವೆಷ್ಟು ದೂರ ಬಂದಿದ್ದೇವೆ ಎಂಬುದರ ಲೆಕ್ಕ ಕೊಡುತ್ತದೆ.

ಇಷ್ಟೆಲ್ಲ ಇದ್ದರೂ ಜಾಮೀನಿನ ಕಾನೂನಿಗೆ ಬಂದಾಗ ಬಸುರಿ ಎಂಬ ಪದ ಸಿಗುವುದಿಲ್ಲ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮಿನ ಪರಂತುಕದಲ್ಲಿ, ಅಂದರೆ ವಿನಾಯಿತಿ ಹೇಳುವ ಭಾಗದಲ್ಲಿ, ಹದಿನಾರರ ಒಳಗಿನವರು, ಹೆಂಗಸರು, ರೋಗಿಗಳು, ಅಶಕ್ತರು ಇವರಿಗೆ ಜಾಮೀನು ಕೊಡಬಹುದು ಎಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 480ನೇ ಕಲಮಿನಲ್ಲೂ ಹೆಚ್ಚುಕಡಿಮೆ ಅದೇ ಮಾತು. ‘ಬಹುದು’ ಎಂಬ ಮೂರು ಅಕ್ಷರದಲ್ಲಿ ಇಡೀ ವಿಷಯ ನ್ಯಾಯಾಧೀಶರ ವಿವೇಚನೆಗೆ ಹೋಗುತ್ತದೆ. ಹಳೆಯ, ಹೊಸ ಎರಡೂ ಸಂಹಿತೆಗಳಲ್ಲಿ ಇನ್ನೊಂದು ಕಲಮಿದೆ: ಮರಣದಂಡನೆಗೆ ಗುರಿಯಾದ ಹೆಂಗಸು ಗರ್ಭಿಣಿಯೆಂದು ಕಂಡುಬಂದರೆ ಹೈಕೋರ್ಟ್ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಲೇಬೇಕು. ಮೊದಲು ಹೆರಿಗೆಯವರೆಗೆ ಗಲ್ಲನ್ನು ಮುಂದೂಡುವ ಅವಕಾಶವೂ ಹಳೆಯದರಲ್ಲಿತ್ತು, 2009ರಲ್ಲಿ ಜಾರಿಯಾದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಗಲ್ಲುಗಂಬದ ಬುಡದಲ್ಲಿ ನಿಂತ ಬಸುರಿಗೆ ‘ಲೇಬೇಕು’ ಎನ್ನುವ ಕಾನೂನು, ಆರೋಪ ಇನ್ನೂ ರುಜುವಾತಾಗದ ಬಸುರಿಗೆ ‘ಬಹುದು’ ಎನ್ನುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಡಿಸೆಂಬರ್ ಮೊದಲ ವಾರ ಹಾಕಿದ ಜಾಮೀನು ಅರ್ಜಿಯಲ್ಲಿ ಆರೋಪಿಯು ಗರ್ಭಿಣಿಯಾಗಿದ್ದಾಳೆ ಎಂದು ಒಂದು ಸಾಲು ಬರೆದು, ಉಳಿದ ಆರು ಪುಟಗಳಲ್ಲಿ ದೂರಿನ ಲೋಪಗಳನ್ನು ತುಂಬಿಸಿದ್ದೆ. ದಾಖಲೆ ಏನೂ ಲಗತ್ತಿಸಿರಲಿಲ್ಲ. ಗರ್ಭಿಣಿ ಎಂಬುದೊಂದೇ ಆಧಾರವಾಗಲಾರದು, ಕಾರಾಗೃಹದಲ್ಲಿ ವೈದ್ಯರಿದ್ದಾರೆ, ತನಿಖೆ ನಡೆಯುತ್ತಿದೆ ಎಂದು ಸರ್ಕಾರಿ ಅಭಿಯೋಜಕರು ಮೂರು ಮಾತಿನಲ್ಲಿ ಮುಗಿಸಿದರು; ಅರ್ಜಿ ವಜಾ ಆಯಿತು. ಆಮೇಲೆ ಬುದ್ಧಿ ಬಂದು, ಅವಳ ಗಂಡನನ್ನು ಹುಡುಕಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಯಿ ಕಾರ್ಡಿನ ವಿವರಗಳನ್ನು ಬರೆಸಿಕೊಂಡು, ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿದ್ದದ್ದನ್ನು ಅಡಿಗೆರೆ ಹಾಕಿ ತೋರಿಸಿ ಜನವರಿಯಲ್ಲಿ ಎರಡನೆಯ ಅರ್ಜಿ ಹಾಕಿದೆ. ಕಾರಾಗೃಹದ ವೈದ್ಯರ ವರದಿ ಬರಲಿ ಎಂದು ಒಂದು ತಾರೀಖು, ವರದಿ ಬಂದಿಲ್ಲವೆಂದು ಇನ್ನೊಂದು, ಅಭಿಯೋಜಕರು ರಜೆ ಎಂದು ಮತ್ತೊಂದು. ನ್ಯಾಯಾಲಯದ ಕ್ಯಾಲೆಂಡರಿನಲ್ಲಿ ಹದಿನೈದು ದಿನವೆಂದರೆ ಬಹಳ ಚಿಕ್ಕ ಅವಧಿ. ಒಂಬತ್ತನೆಯ ತಿಂಗಳಿಗೆ ಅದು ಗೊತ್ತಿರುವುದಿಲ್ಲ.

ಜನವರಿ ಕೊನೆಯ ವಾರದ ಒಂದು ರಾತ್ರಿ ಬೇನೆ ಶುರುವಾಯಿತು. ಬ್ಯಾರಕ್ಕಿನ ಹೆಂಗಸರು ಬಾಗಿಲು ಬಡಿದು ಕೂಗಿದರಂತೆ. ವಾರ್ಡರ್ ಓಡಿಬಂದಳು, ಮೇಲಿನವರಿಗೆ ಹೇಳಿಕಳುಹಿಸಿದಳು, ಪೊಲೀಸ್ ಬೆಂಗಾವಲಿಗೆ ಫೋನ್ ಹೋಯಿತು, ಆಂಬ್ಯುಲೆನ್ಸ್ ಬೇಗನೆ ಬಂದರೂ ಮಹಿಳಾ ಪೇದೆಗಾಗಿ ಅದು ಬಾಗಿಲಲ್ಲೇ ನಿಂತಿತ್ತು. ಆಸ್ಪತ್ರೆ ಮುಟ್ಟಿ ಇಪ್ಪತ್ತು ನಿಮಿಷಕ್ಕೆ ಗಂಡು ಕೂಸು ಹುಟ್ಟಿತು. ಆಸ್ಪತ್ರೆಯ ವೈದ್ಯೆ, ದಾದಿಯರು ಅವಳನ್ನು ಬೇರೆ ಬಾಣಂತಿಯರಿಗಿಂತ ಒಂದಿಷ್ಟೂ ಕಡಿಮೆಯಾಗಿ ನೋಡಲಿಲ್ಲ, ಇದನ್ನು ಹೇಳಲೇಬೇಕು. ಆದರೆ ವಾರ್ಡಿನ ಬಾಗಿಲಲ್ಲಿ ಇಬ್ಬರು ಗಂಡು ಪೊಲೀಸರು ಕುರ್ಚಿ ಹಾಕಿಕೊಂಡು ಕುಳಿತಿದ್ದರಿಂದ ಉಳಿದ ಬಾಣಂತಿಯರ ಮನೆಯವರು ತಮ್ಮ ಮಂಚಗಳನ್ನು ಆಚೆ ಸರಿಸಿಕೊಂಡರು. ನಾನು ಮರುದಿನ ಹೋದಾಗ ಅವಳ ಮಂಚದ ಸುತ್ತ ನಾಲ್ಕು ಮೊಳ ಜಾಗ ಖಾಲಿ ಬಿದ್ದಿತ್ತು. ಅವ್ವ ಅದೇ ಪ್ರಕರಣದಲ್ಲಿ ಒಳಗೆ, ಅತ್ತೆಯ ಮನೆಯವರು ಬರಲು ನಾಚಿಕೊಂಡರು. ಖಾರ ಅಳವಿ ಮಾಡಿಕೊಡುವವರು ಯಾರೂ ಇರಲಿಲ್ಲ. ನಾನು ಮಾಡಿಕೊಂಡು ಹೋದದ್ದನ್ನು ಪೊಲೀಸರು ಡಬ್ಬಿ ಬಿಚ್ಚಿ ನೋಡಿ ಒಳಗೆ ಬಿಟ್ಟರು.

ಮೂರನೆಯ ದಿನ ಕೂಸಿನೊಂದಿಗೆ ಮತ್ತೆ ಕಾರಾಗೃಹಕ್ಕೆ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಎಂಟನೆಯ ತಿಂಗಳಿಗೇ ಗರ್ಭದಲ್ಲಿರುವ ಕೂಸಿಗೆ ಲಿಂಗಧಾರಣೆ ಮಾಡುತ್ತಾರೆ, ತಾಯಿಯ ಮೈಮೇಲೆ ಲಿಂಗ ಕಟ್ಟಿ. ಹುಟ್ಟುವ ಮುಂಚೆಯೇ ಧರ್ಮ ತನ್ನ ಮಗುವನ್ನು ಗುರುತಿಸಿಕೊಳ್ಳುತ್ತದೆ ಎಂದು ಇದರ ಅರ್ಥ. ಪ್ರತ್ಯೇಕ ಧರ್ಮದ ವಾದದಲ್ಲಿ ಈ ಆಚರಣೆಯನ್ನು ಉದಾಹರಿಸುವವರೂ ಇದ್ದರು. ಇವಳಿಗೆ ಆ ವಿಧಿ ನಡೆಯಬೇಕಾದ ತಿಂಗಳಲ್ಲಿ ಅವಳು ಬ್ಯಾರಕ್ಕಿನಲ್ಲಿದ್ದಳು, ಯಾವ ಅಯ್ಯನವರೂ ಅಲ್ಲಿಗೆ ಹೋಗಲಿಲ್ಲ, ಹೋಗಬೇಕೆಂದು ಅರ್ಜಿ ಕೊಡಬಹುದಿತ್ತೆಂದು ನನಗೂ ಹೊಳೆಯಲಿಲ್ಲ. ಹೆಸರಿಡುವ ದಿನ ಹಳೆಯ ಸೀರೆಯ ಜೋಲಿ ಕಟ್ಟಿದರಂತೆ. ಕಿವಿಯಲ್ಲಿ ಹೆಸರು ಕೂಗಲು ಸೋದರತ್ತೆ ಬೇಕಲ್ಲ. ಹಳೇ ಹುಬ್ಬಳ್ಳಿಯ ಒಬ್ಬ ಮುಸ್ಲಿಂ ಹೆಂಗಸು, ಅವಳೂ ವಿಚಾರಣಾ ಬಂದಿಯೇ, ಆ ಜಾಗದಲ್ಲಿ ನಿಂತಳು, ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಇದನ್ನು ನನಗೆ ಹೇಳಿದ್ದು ವಾರ್ಡರ್. ಫೆಬ್ರವರಿ ಎರಡನೆಯ ವಾರ ಜಾಮೀನು ಮಂಜೂರಾಯಿತು. ಮಗು ಹುಟ್ಟಿದ ಮೇಲೆ ವಾದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ವರ್ಷಗಳ ನಂತರ ವಿಚಾರಣೆ ಮುಗಿದಾಗ ಅವಳ ಅಣ್ಣನಿಗೆ ಶಿಕ್ಷೆಯಾಯಿತು, ಇವಳು ಖುಲಾಸೆಯಾದಳು. ಎರಡೂ ಸರಿಯಾದ ತೀರ್ಪುಗಳೆಂದೇ ನನ್ನ ಅಭಿಪ್ರಾಯ.

ಈ ಎರಡು ಚರ್ಚೆಗಳೂ ಒಂದೇ ಹೆಂಗಸಿನ ಮೇಲೆ ಬಂದು ಬಿದ್ದದ್ದು 2020ರಲ್ಲಿ, ದೆಹಲಿಯಲ್ಲಿ. ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಸಂಶೋಧನಾ ವಿದ್ಯಾರ್ಥಿನಿ ಸಫೂರಾ ಜರ್ಗರ್ ಅವರನ್ನು ದೆಹಲಿ ಗಲಭೆಯ ಸಂಚಿನ ಆರೋಪದ ಮೇಲೆ ಆ ವರ್ಷದ ಏಪ್ರಿಲ್‌ನಲ್ಲಿ ಬಂಧಿಸಿದಾಗ ಅವರು ಗರ್ಭಿಣಿಯಾಗಿದ್ದರು. ಜಾಮಿಯಾವನ್ನು ಅಲ್ಪಸಂಖ್ಯಾತ ಸಂಸ್ಥೆಯೆಂದು 2011ರಲ್ಲಿ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಆಯೋಗ ಘೋಷಿಸಿತ್ತು, ಅದರ ಮೇಲೂ ವಾದವಿವಾದ ನಡೆದೇ ಇತ್ತು. ಆದ್ದರಿಂದ ಅವರ ವಿಷಯದಲ್ಲಿ ಜನ ಮಾತಾಡಿದ್ದು ಧರ್ಮದ ಬಗ್ಗೆ, ಸಂಸ್ಥೆಯ ಬಗ್ಗೆ, ಕೊನೆಗೆ ಅವರ ಮದುವೆಯ ಬಗ್ಗೆಯೂ ಹೇಸಿಗೆಯಾಗುವಂತೆ. ಜಾಮೀನನ್ನು ವಿರೋಧಿಸುತ್ತ ಪೊಲೀಸರು ಹತ್ತು ವರ್ಷಗಳಲ್ಲಿ ತಿಹಾರ್ ಜೈಲಿನಲ್ಲಿ 39 ಹೆರಿಗೆಗಳಾಗಿವೆ ಎಂದು ಹೈಕೋರ್ಟಿಗೆ ತಿಳಿಸಿದರು. ಆ ಸಂಖ್ಯೆಯನ್ನು ಅವರು ವ್ಯವಸ್ಥೆ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗಿ ಕೊಟ್ಟರು. 2006ರ ತೀರ್ಪನ್ನು ಓದಿದವರಿಗೆ ಅದೇ ಸಂಖ್ಯೆ ಬೇರೆ ರೀತಿಯಲ್ಲಿ ಕಾಣುತ್ತದೆ. ಜೂನ್ 23ರಂದು ಸರ್ಕಾರವೇ ಮಾನವೀಯ ನೆಲೆಯಲ್ಲಿ ಒಪ್ಪಿ ಜಾಮೀನು ಸಿಕ್ಕಿತು, ಆದರೆ ಈ ಆದೇಶವನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂಬ ಮಾತೂ ಅದರೊಂದಿಗೆ ಬಂತು. ವಕೀಲರಲ್ಲದವರಿಗೆ ಇದು ಸಣ್ಣ ಮಾತು. ನನಗೆ ಇದರ ಅರ್ಥ, ನಾಳೆ ಹಾವೇರಿಯದೋ ರೋಣದ್ದೋ ಒಬ್ಬ ಬಸುರಿಗಾಗಿ ನಿಂತಾಗ ಆ ಕಾಗದವನ್ನು ನಾನು ನ್ಯಾಯಾಧೀಶರ ಕೈಗೆ ಕೊಡುವಂತಿಲ್ಲ ಎಂದು.

ಕೊಡಬಹುದಾದ ಕಾಗದ 2024ರ ನವೆಂಬರ್‌ನಲ್ಲಿ ಸಿಕ್ಕಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಮಾದಕ ವಸ್ತುಗಳ ಪ್ರಕರಣದಲ್ಲಿ ಬಂಧಿತಳಾದ ಗರ್ಭಿಣಿಯೊಬ್ಬಳಿಗೆ, ಸೆರೆಮನೆಯ ವಾತಾವರಣದಲ್ಲಿ ಹೆರಿಗೆಯಾಗುವುದು ತಾಯಿಯ ಮೇಲಷ್ಟೇ ಅಲ್ಲ ಮಗುವಿನ ಮೇಲೂ ಪರಿಣಾಮ ಬೀರುತ್ತದೆ ಎಂದು ಹೇಳಿ ಆರು ತಿಂಗಳ ತಾತ್ಕಾಲಿಕ ಜಾಮೀನು ಕೊಟ್ಟಿತು. ಮಾದಕ ವಸ್ತುಗಳ ಕಾಯ್ದೆಯಲ್ಲಿ ಜಾಮೀನಿನ ಷರತ್ತು ಎಷ್ಟು ಬಿಗಿ ಎಂಬುದು ಗೊತ್ತಿದ್ದವರಿಗೆ ಈ ಆದೇಶದ ತೂಕ ಅರ್ಥವಾದೀತು. ಅದೇ ವರ್ಷದ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಹೆಂಗಸರು ಸೆರೆಯಲ್ಲಿರುವಾಗಲೇ ಬಸುರಾಗುತ್ತಿದ್ದಾರೆ ಎಂಬ ಸುದ್ದಿ ದೇಶವನ್ನೆಲ್ಲ ಸುತ್ತಿತ್ತು. ಸುಪ್ರೀಂ ಕೋರ್ಟ್ ವಿಚಾರಿಸಿದಾಗ ನಾಲ್ಕು ವರ್ಷಗಳಲ್ಲಿ 62 ಮಕ್ಕಳು ಹುಟ್ಟಿದ್ದು ನಿಜ, ಆದರೆ ತಾಯಂದಿರಲ್ಲಿ ಹೆಚ್ಚಿನವರು ಬಂಧನದ ಹೊತ್ತಿಗೇ ಗರ್ಭಿಣಿಯರಾಗಿದ್ದರೆಂದು ತಿಳಿದುಬಂತು. ಸುದ್ದಿಯ ರೋಚಕ ಭಾಗ ಹೋದ ಮೇಲೆ ಉಳಿದ 62 ಹೆರಿಗೆಗಳನ್ನು ಯಾರೂ ಚರ್ಚಿಸಲಿಲ್ಲ.

ಏಕೆ ಚರ್ಚಿಸುವುದಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಅಲ್ಪಸಂಖ್ಯಾತ ಸ್ಥಾನಮಾನದ ಬಗ್ಗೆ ಎರಡು ಕಡೆಗಳಿವೆ, ಎರಡೂ ಕಡೆ ಗ್ರಂಥ ಓದಿದವರಿದ್ದಾರೆ, ಮೈದಾನ ತುಂಬಿಸುವವರಿದ್ದಾರೆ. 2024ರ ನವೆಂಬರ್ 8ರಂದು ಅಲಿಗಢ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳೇ ನಾಲ್ಕು ಮತ್ತು ಮೂರಾಗಿ ಒಡೆದರು. ಬಸುರಿ ಕೈದಿಗೆ ಆರೈಕೆ ಬೇಕೆಂಬ ಮಾತಿಗೆ ವಿರೋಧವೇ ಇಲ್ಲ. ಮಂತ್ರಿಯೂ ಒಪ್ಪುತ್ತಾರೆ, ಜೈಲು ಅಧೀಕ್ಷಕರೂ ಒಪ್ಪುತ್ತಾರೆ, ನನ್ನ ಅರ್ಜಿಯನ್ನು ವಿರೋಧಿಸಿದ ಅಭಿಯೋಜಕರೂ ಹೊರಗೆ ಬಂದು, “ನಿಮ್ಮ ಮಾತು ಖರೇನ ಐತ್ರಿ” ಎಂದಿದ್ದರು. ಎಲ್ಲರೂ ಒಪ್ಪಿದ ವಿಷಯಕ್ಕೆ ಸಮಾವೇಶ ನಡೆಯುವುದಿಲ್ಲ, ಸಮಿತಿ ಕೂರುವುದಿಲ್ಲ. ಬಸುರಿತನ ಒಂಬತ್ತು ತಿಂಗಳಿಗೆ ಮುಗಿಯುವ ಸ್ಥಿತಿಯಾದ್ದರಿಂದ ಇವರು ಒಂದು ಸಮುದಾಯವಾಗಿ ಒಟ್ಟುಗೂಡುವುದೂ ಸಾಧ್ಯವಿಲ್ಲ. ಸಂಘ ಕಟ್ಟುವಷ್ಟರಲ್ಲಿ ಸದಸ್ಯೆಯರು ಬದಲಾಗಿರುತ್ತಾರೆ. ಅವರ ಪರವಾಗಿ ನಿಲ್ಲಬೇಕಾದದ್ದು ಅವರನ್ನು ಒಳಗಿಟ್ಟ ಸರ್ಕಾರವೇ. ಆ ಸರ್ಕಾರದ ತಾಯಿ ಕಾರ್ಡಿನ ಕಂಪ್ಯೂಟರ್ ಒಂದು ಕಡೆ, ಕಾರಾಗೃಹದ ಕಂಪ್ಯೂಟರ್ ಇನ್ನೊಂದು ಕಡೆ.

ಅವಳ ಪ್ರಶ್ನೆಗೆ ಉತ್ತರ ಹೇಳಿದೆ. ಕೇಳಿದರೂ ಹೆದರಬೇಕಾಗಿಲ್ಲ, ಜನನ ಪ್ರಮಾಣಪತ್ರ ತೆಗೆದು ನೋಡು, ಅದರಲ್ಲಿ ಆಸ್ಪತ್ರೆಯ ಹೆಸರಿದೆ, ಊರಿನ ಹೆಸರಿದೆ, ಬೇರೇನೂ ಇಲ್ಲ ಎಂದೆ. ಅವಳು ಫೋನ್ ಇಡದೆ ಟ್ರಂಕಿನಿಂದ ಅದನ್ನು ತೆಗೆಸಿ, ಎರಡನೆಯ ಇಯತ್ತೆಯ ಆ ಹುಡುಗನ ಕೈಯಿಂದಲೇ ಓದಿಸಿದಳು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಧರ್ಮದ ಕಾಲಂನಲ್ಲಿ ಏನು ಬರೆಸುತ್ತೀ ಎಂದು ಕೊನೆಗೆ ನಾನೇ ಕೇಳಿದೆ. “ಅದೇನೋ ನಮ್ಮ ಮಾವಾರ ಹೇಳ್ತಾರ್ರಿ” ಎಂದು ಫೋನ್ ಇಟ್ಟಳು.

ಈಗ ನಾನು ಕಾರಾಗೃಹದ ಭೇಟಿಗೆ ಹೋದಾಗ ಮಹಿಳಾ ವಿಭಾಗದಲ್ಲಿ ಹೊಸದಾಗಿ ಬಂದವರನ್ನು ಮೊದಲು ಕೇಳುವುದು ಕಲಮು ಯಾವುದೆಂದಲ್ಲ. ಬಸುರಿಯಾಗಿದ್ದರೆ ತಾಯಿ ಕಾರ್ಡ್ ಎಲ್ಲಿದೆ, ಆಶಾ ಕಾರ್ಯಕರ್ತೆಯ ಹೆಸರೇನು ಎಂದು ಕೇಳಿ ಬರೆದುಕೊಳ್ಳುತ್ತೇನೆ, ಅರ್ಜಿಯ ಮೊದಲ ಪುಟದಲ್ಲೇ ಹೆರಿಗೆಯ ಅಂದಾಜು ದಿನವನ್ನು ಹಾಕುತ್ತೇನೆ. ಕಳೆದ ಸಲ ಹೋದಾಗ ಐದು ತಿಂಗಳ ಒಬ್ಬಳಿದ್ದಳು. ಕಾರ್ಡ್ ಅತ್ತೆಯ ಬಳಿ ಇದೆ, ಅತ್ತೆ ಮಾತಾಡುವುದಿಲ್ಲ ಎಂದಳು. ಶನಿವಾರ ಆ ಊರಿಗೆ ಹೋಗಬೇಕು.